ಗೋಲ್ಡ್ ಪ್ಲೇಟೆಡ್ ಫ್ಯೂಸ್ ಹಾಕಿದ ಮೇಲೆ ಆಂಪ್ ಆನ್ ಆಗ್ತಿಲ್ಲ, ಫ್ಯೂಸ್ ಹೋಗ್ತಾನೇ ಇದೆ

ಸ್ಪೀಕರ್_ಹುಚ್ಚ: ತಲೆ ಕೆಟ್ಟುಹೋಗಿದೆ ಸ್ವಾಮಿ. ಸೌಂಡ್ ಚೆನ್ನಾಗಾಗುತ್ತೆ ಅಂತ ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಸೆರಾಮಿಕ್ ಗೋಲ್ಡ್ ಪ್ಲೇಟೆಡ್ ಫ್ಯೂಸ್ ಹಾಕ್ದೆ. ಅಗ್ಗದ್ದೇ, ಆದ್ರೆ ರಿವ್ಯೂ ಚೆನ್ನಾಗಿತ್ತು. ಮೊದಮೊದಲು ಸರಿ ಇತ್ತು. ಈಗ ಸ್ವಿಚ್ ಒತ್ತಿದ್ರೆ ಟಪ್ ಅಂತ ಹೋಗುತ್ತೆ. ಪ್ಯಾಕೆಟ್‌ನಲ್ಲಿದ್ದ ಇನ್ನೊಂದೂ ಹೋಯ್ತು. ಆಂಪಿಯರ್ ಸೇಮ್ ಇದೆ, ಅದನ್ನೇ ಮತ್ತೆ ಕೇಳ್ಬೇಡಿ.

ಬಯಾಸ್_ಬಸ್ಯ: ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್. ಕಣ್ಮುಚ್ಚಿ ಹೇಳ್ತೀನಿ. ಅದರ ಕಲೆಕ್ಟರ್, ಎಮಿಟರ್ ಅನ್ನೋ ಎರಡು ಕಾಲುಗಳ ಮಧ್ಯೆ ಮೀಟರ್ ಇಡಿ, ಬೀಪ್ ಅಂದ್ರೆ ಕಥೆ ಮುಗೀತು.

ಹಳೇ_ಡೆಕ್: ಯಾವ ಆಂಪ್? ಫ್ಯೂಸ್ ಮೇನ್ಸ್ ಕಡೇದಾ, ಒಳಗಿನ ಡಿಸಿ ರೈಲ್‌ದಾ (ಸರ್ಕ್ಯೂಟ್‌ಗೆ ಡಿಸಿ ಕೊಡೋ ಲೈನ್‌ದಾ)?

ಸ್ಪೀಕರ್_ಹುಚ್ಚ: ಹಿಂದುಗಡೆ, ಪವರ್ ಕಾರ್ಡ್ ಪಕ್ಕ ಇರೋದು. ಅದನ್ನೇ ತಾನೇ ಎಲ್ರೂ ಬದಲಾಯಿಸೋದು?

ಬೆಳ್ಳಿ_ತಂತಿ: ಫ್ಯೂಸ್ ಮೇಲಿನ ಬಾಣದ ಗುರುತು ನೋಡಿದ್ರಾ? ತಿರುಗಿಸಿ ಹಾಕಿ. ನಮ್ಮನೇಲಿ ತಿರುಗಿಸಿದ್ಮೇಲೆ ಬಾಸ್ ಬಿಗಿಯಾಯ್ತು.

ಹಳೇ_ಡೆಕ್: ಎಸಿ ಕರೆಂಟು ಸೆಕೆಂಡಿಗೆ 50-60 ಸಲ ಹೋಗಿ ವಾಪಸ್ ಬರುತ್ತೆ. ಬಾಣ ಎತ್ತ ತೋರಿಸಿದ್ರೇನು? ಹಳೇ ಹೋಲ್ಡರ್‌ನ ಸ್ಪ್ರಿಂಗ್ ಕಪ್ಪಾಗಿತ್ತೇನೋ, ಬಿಚ್ಚಿ ಹಾಕುವಾಗ ಉಜ್ಜಿ ಕಾಂಟ್ಯಾಕ್ಟ್ ಸರಿಹೋಗಿರುತ್ತೆ.

ಬೆಳ್ಳಿ_ತಂತಿ: ಕಿವಿಯಿಂದ ಕೇಳೋ ವಿಷಯಾನ ಮೀಟರ್‌ನಲ್ಲಿ ಅಳೀಬೇಡಿ ಸರ್.

ಬಯಾಸ್_ಬಸ್ಯ: ಟ್ರಾನ್ಸಿಸ್ಟರ್ ಚೆಕ್ ಮಾಡಿದ್ರಾ ಇಲ್ವಾ? ಟ್ರಾನ್ಸಿಸ್ಟರ್‌ಗೂ ಹೀಟ್‌ಸಿಂಕ್‌ಗೂ ಮಧ್ಯೆ ಕರೆಂಟ್ ತಡೆಯೋ ಮೈಕಾ ವಾಷರ್ ತೂತಾಗಿದ್ರೂ ಹೀಗೇ ಆಗುತ್ತೆ.

ಓಮ್_ಶಾಂತಿ: ಒಂದ್ನಿಮಿಷ. ಗಾಜಿನ ಫ್ಯೂಸ್ ಆಗಿದ್ರೆ ನೋಡಿದ ಕೂಡ್ಲೇ ಗೊತ್ತಾಗ್ತಿತ್ತು. ಒಳಗೆ ಕಪ್ಪು ಮಸಿ ಅಥವಾ ಕನ್ನಡಿ ಥರ ಬೆಳ್ಳಿ ಬಣ್ಣ ಮೆತ್ತಿದ್ರೆ ದೊಡ್ಡ ಶಾರ್ಟ್. ತಂತಿ ಮಧ್ಯದಲ್ಲಷ್ಟೇ ತುಂಡಾಗಿದ್ರೆ ಸಣ್ಣ ಓವರ್‌ಲೋಡ್. ಸೆರಾಮಿಕ್‌ನಲ್ಲಿ ಅದೇನೂ ಕಾಣಲ್ಲ. ಹಾಗಾಗಿ ಎರಡೂ ಫ್ಯೂಸ್‌ಗಳ ಕ್ಯಾಪ್ ಮೇಲೆ ಕೊರೆದಿರೋದನ್ನ ಅಕ್ಷರಾನೂ ಸೇರಿಸಿ ಇಲ್ಲಿ ಹಾಕಿ.

ಸ್ಪೀಕರ್_ಹುಚ್ಚ: ಲೆನ್ಸ್ ಹಿಡಿದು ಓದ್ದೆ. ಹೊಸದು ಎಫ್ 3.15 ಎ ಎಚ್ 250 ವಿ. ಹಳೇದು ಟಿ 3.15 ಎ ಎಲ್ 250 ವಿ. ಹಳೇದನ್ನ ಹಾಕಿದ್ರೆ ಆಂಪ್ ಚೆನ್ನಾಗೇ ಹಾಡ್ತಿದೆ, ಅದಕ್ಕೇ ಅಲ್ವಾ ಹೊಸದು ಡೂಪ್ಲಿಕೇಟ್ ಅಂತಿರೋದು.

ಓಮ್_ಶಾಂತಿ: ಇದನ್ನ ಮೊದಲೇ ಹೇಳ್ಬಾರ್ದಿತ್ತಾ! ಟಿ ಅಂದ್ರೆ ಸ್ಲೋ ಬ್ಲೋ (ನಿಧಾನಕ್ಕೆ ಹೋಗೋದು), ಎಫ್ ಅಂದ್ರೆ ಫಾಸ್ಟ್ (ತಕ್ಷಣ ಹೋಗೋದು). ಒಳಗಿರೋದು ಟೊರಾಯ್ಡಲ್ (ಬಳೆ ಆಕಾರದ) ಟ್ರಾನ್ಸ್‌ಫಾರ್ಮರ್ ತಾನೇ? ಆನ್ ಮಾಡಿದ ಕ್ಷಣ ಅದರ ಕಬ್ಬಿಣದ ಕೋರ್ ಸ್ಯಾಚುರೇಟ್ ಆದ್ರೆ, ಅಂದ್ರೆ ಇನ್ನಷ್ಟು ಕಾಂತತೆ ಹಿಡಿಯೋಕೆ ಆಗದಿದ್ರೆ, ಕರೆಂಟ್ ತಡೆಯೋಕೆ ಪ್ರೈಮರಿ (ಮೇನ್ಸ್ ಕಡೆ ಸುರುಳಿ) ತಂತಿಯ ರೆಸಿಸ್ಟೆನ್ಸ್ ಬಿಟ್ಟು ಹೆಚ್ಚೇನೂ ಇರಲ್ಲ. ಖಾಲಿ ಕೆಪಾಸಿಟರ್‌ಗಳೂ ಆಗಲೇ ತುಂಬ್ಕೋಬೇಕು. ಸ್ಲೋ ಬ್ಲೋ ಆ ಏಟು ತಡ್ಕೊಳ್ಳುತ್ತೆ, ಫಾಸ್ಟ್ ತಡ್ಕೊಳ್ಳಲ್ಲ. ಎಸಿ ಅಲೆ ಸೊನ್ನೆ ದಾಟೋ ಹೊತ್ತಿಗೆ ಸ್ವಿಚ್ ಬಿದ್ರೆ ಕೋರ್‌ಗೆ ಏಟು ಜಾಸ್ತಿ, ತುದಿಯಲ್ಲಿ ಬಿದ್ರೆ ಕಮ್ಮಿ. ಮೊದಮೊದಲು ಬಚಾವಾಗಿದ್ದು ಅದಕ್ಕೇ.

ಬಯಾಸ್_ಬಸ್ಯ: ಇರಬಹುದು. ಆದ್ರೂ ಎಸಿನ ಡಿಸಿ ಮಾಡೋ ಬ್ರಿಡ್ಜ್ ರೆಕ್ಟಿಫೈಯರ್ ಲೀಕ್ ಇದ್ರೆ?

ಓಮ್_ಶಾಂತಿ: ಹಳೇ ಫ್ಯೂಸ್ ನಿಂತಿದೆಯಲ್ಲ ಮಾರಾಯ್ರೇ. ಅನುಮಾನ ಇದ್ರೆ 60 ವ್ಯಾಟ್‌ನ ಫಿಲಮೆಂಟ್ ಬಲ್ಬ್ ಸೀರೀಸ್‌ನಲ್ಲಿ ಹಾಕಿ. ಒಮ್ಮೆ ಜೋರಾಗಿ ಬೆಳಗಿ ಮಂಕಾದ್ರೆ ಸರಿ, ಜೋರಾಗೇ ಉರೀತಿದ್ರೆ ಮಾತ್ರ ಶಾರ್ಟ್ ಹುಡುಕಿ.

ಕ್ಲಾಸ್_ಎ: 6.3 ಆಂಪಿಯರ್ ಫಾಸ್ಟ್ ಹಾಕಿ, ಗಲಾಟೇನೇ ಇಲ್ಲ. ಅಂದಹಾಗೆ ನಾನು ಎರಡು ಮೊನೊಬ್ಲಾಕ್ (ಒಂದೊಂದು ಸ್ಪೀಕರ್‌ಗೆ ಒಂದೊಂದು ಆಂಪ್) ಇಟ್ಕೊಂಡಿದೀನಿ, ಪ್ರತಿಯೊಂದಕ್ಕೂ 500 ವಿಎ ಟೊರಾಯ್ಡ್. ಚಳಿಗಾಲದಲ್ಲಿ ಹೀಟರ್ ಬೇಡ.

ಹಳೇ_ಡೆಕ್: ದಯವಿಟ್ಟು ಅಂಥ ಸಲಹೆ ಕೊಡ್ಬೇಡಿ. ಫ್ಯೂಸ್ ಇರೋದು ಹೋಗೋಕೇ. ರೇಟಿಂಗ್ ಏರಿಸಿದ್ರೆ ಅದರ ಬದಲು ಟ್ರಾನ್ಸ್‌ಫಾರ್ಮರ್ ಸುಡುತ್ತೆ.

ಬೆಳ್ಳಿ_ತಂತಿ: 500 ವಿಎ ಜೊತೆ ಯಾವ ಸ್ಪೀಕರ್ ಸರ್? ಫೋಟೊ ಹಾಕಿ.

ಸ್ಪೀಕರ್_ಹುಚ್ಚ: ಫೋಟೊ ಆಮೇಲೆ ನೋಡೋಣ. ಟಿ 3.15ರಲ್ಲೇ ಗೋಲ್ಡ್ ಪ್ಲೇಟೆಡ್ ಸಿಗುತ್ತಾ? ಎಚ್, ಎಲ್ ವ್ಯತ್ಯಾಸ ಪರವಾಗಿಲ್ವಾ?

ಓಮ್_ಶಾಂತಿ: ಎಲ್ ಜಾಗಕ್ಕೆ ಎಚ್ ನಡೆಯುತ್ತೆ, ಎಚ್ ಜಾಗಕ್ಕೆ ಎಲ್ ಬೇಡ. ದೊಡ್ಡ ಶಾರ್ಟ್ ಆದಾಗ ಸಿಡಿಯದೆ ಎಷ್ಟು ಕರೆಂಟನ್ನ ಕಡಿಯಬಲ್ಲದು ಅನ್ನೋದರ ಗುರುತು ಅದು. ಸೈಜು 5×20 ಮಿ.ಮೀ. ಹೌದಾ ಅಂತಲೂ ನೋಡ್ಕೊಳ್ಳಿ. ಚಿನ್ನದ ಕ್ಯಾಪ್ ನಿಮ್ಮಿಷ್ಟ.

ಕ್ಲಾಸ್_ಎ: ಫೋಟೊ ಹಾಕ್ತಿದೀನಿ, ಎಡಗಡೆ ರ‍್ಯಾಕ್ ನೋಡಿ.