ಸ್ಪಿರುಲಿನಾ ಫೆರೆಡಾಕ್ಸಿನ್: ಇಟ್ಟಿಗೆ ಬಣ್ಣದ ಪಟ್ಟಿ ಬರ್ತಾನೇ ಇಲ್ಲ, ಮೂರು ಸಲ ಆಯ್ತು

ಕೋಟೆಗುಡ್ಡ (ಬಳ್ಳಾರಿ)
ಸಾಕಾಗಿ ಹೋಗಿದೆ ರೀ. ಮೂರು ಭಾನುವಾರ ಹಾಳಾಯಿತು, ಸಿಕ್ಕಿದ್ದು ಸೊನ್ನೆ. ಬಿಎಸ್ಸಿ ಮಕ್ಕಳಿಗೆ ಫೆರೆಡಾಕ್ಸಿನ್ ಅನ್ನೋ ಕಬ್ಬಿಣ-ಗಂಧಕದ ಪ್ರೋಟೀನ್ ಕಣ್ಣಾರೆ ತೋರಿಸ್ತೀನಿ ಅಂತ ದೊಡ್ಡದಾಗಿ ಹೇಳಿಬಿಟ್ಟಿದ್ದೇನೆ. ಮನೆ ಟ್ಯಾಂಕಿನ ಸ್ಪಿರುಲಿನಾ. ಫ್ರೀಜ್ ಮಾಡಿ ಕರಗಿಸಿ, ಸೆಂಟ್ರಿಫ್ಯೂಜ್ ಮಾಡಿ, ತಿಳಿಯನ್ನು ಡಿಇಎಇ ಸೆಲ್ಯುಲೋಸ್ (ಋಣ ಆವೇಶದ ಪ್ರೋಟೀನ್ ಹಿಡಿದಿಟ್ಟುಕೊಳ್ಳುವ ಪುಡಿ) ಕಾಲಮ್‌ಗೆ ಬಿಟ್ಟೆ. ಟ್ರಿಸ್ ಬಫರ್, ಪಿಹೆಚ್ 7.5. ಉಳಿದದ್ದೆಲ್ಲಾ ಮಾಮೂಲು. ಕಾಲಮ್ ತುದಿಯಲ್ಲಿ ಇಟ್ಟಿಗೆ ಬಣ್ಣದ ಪಟ್ಟಿ ನಿಲ್ಲಬೇಕು ಅಲ್ವಾ? ಬೆಳ್ಳಗೆ ಹಾಗೇ ಇದೆ. ಹೋದ ತಿಂಗಳು ಸುಮ್ನೆ ಒಂದು ಸಲ ಮಾಡಿ ನೋಡಿದಾಗ ನೀಲಿಯ ಮೇಲೆ ತೆಳ್ಳಗೆ ಕಂಡಿತ್ತು. ಈಗ ಅದೂ ಇಲ್ಲ.

ಮೇಲಿಂದ, ಭಾನುವಾರ ಬಂತಂದ್ರೆ ನಮ್ಮ ಓಣಿ ಚರಂಡಿ ವಾಸನೆ ಬೇರೆ. ಕಿಟಕಿ ಹಾಕಿಕೊಂಡು ಕೆಲಸ ಮಾಡ್ತಿದ್ದೇನೆ.

ಬಿಸಿಲೂರು (ರಾಯಚೂರು)
ಆಮ್ಲಜನಕ. ಬೇರೆ ಏನೂ ಅಲ್ಲ. ಗಾಳಿ ತಾಗಿದರೆ ಪ್ರೋಟೀನಿನೊಳಗಿನ ಕಬ್ಬಿಣ-ಗಂಧಕದ ಗೊಂಚಲು ಒಡೆಯುತ್ತದೆ, ಬಣ್ಣ ಹೋಗುತ್ತದೆ. ಇಂಥದೇ ಗೊಂಚಲಿರುವ ಅಕೋನಿಟೇಸ್ ನೋಡಿ, ನಾಲ್ಕು ಕಬ್ಬಿಣದಲ್ಲಿ ಒಂದು ಉದುರಿತು ಅಂದ್ರೆ ಆ ಎಂಜೈಮ್ ಕೆಲಸಕ್ಕೆ ಬರಲ್ಲ. ನೈಟ್ರೋಜನ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ನಾನು ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ನಾನೇ ಗ್ಲೋವ್ ಬ್ಯಾಗ್ ಹೊಲಿಸಿಕೊಂಡಿದ್ದೇನೆ. ಆಮ್ಲಜನಕ ತಾಗಿದರೆ ನೀಲಿ ಹೋಗುವ ಮೀಥೈಲ್ ವಯೊಲೊಜೆನ್ ಒಳಗೆ ಇಟ್ಟರೆ ನೀಲಿ ಹಾಗೇ ನಿಲ್ಲುತ್ತದೆ, ಅಷ್ಟು ಬಿಗಿ. ಫೋಟೋ ಬೇಕಾದರೆ ಹಾಕ್ತೀನಿ.

ಗದ್ದೆಬದು (ಗಂಗಾವತಿ)
ಸರ್, ನಿಮ್ಮ ಟ್ಯಾಂಕಿಗೆ ಕಬ್ಬಿಣ ಎಷ್ಟು ಹಾಕ್ತೀರಿ? ಸ್ಪಿರುಲಿನಾ ನೀರು ಸೋಡಾ ಹಾಕಿ ಪಿಹೆಚ್ 9-10ಕ್ಕೆ ಏರಿರುತ್ತದೆ. ಆ ನೀರಿನಲ್ಲಿ ಕಬ್ಬಿಣ ತುಕ್ಕಾಗಿ ತಳ ಸೇರುತ್ತದೆ. ನೀವು ಹಾಕಿದ್ದೆಲ್ಲಾ ಅದರ ಬಾಯಿಗೆ ಹೋಗಲ್ಲ. ಕಬ್ಬಿಣ ಸಾಲದೆ ಹೋದರೆ ಈ ಜಾತಿಯ ಎಷ್ಟೋ ಬ್ಯಾಕ್ಟೀರಿಯಾ ಫೆರೆಡಾಕ್ಸಿನ್ ಬಿಟ್ಟು ಫ್ಲಾವೊಡಾಕ್ಸಿನ್ ಮಾಡಿಕೊಳ್ಳುತ್ತವೆ. ಎಲೆಕ್ಟ್ರಾನ್ ಸಾಗಿಸುವ ಕೆಲಸ ಅದೇ, ಆದರೆ ಕಬ್ಬಿಣ ಇಲ್ಲ. ಇಟ್ಟಿಗೆ ಬಣ್ಣ ಎಲ್ಲಿಂದ ಬರಬೇಕು?

ಕೋಟೆಗುಡ್ಡ
ಮೇಡಂ, ಫೆರಸ್ ಸಲ್ಫೇಟ್ ವಾರಕ್ಕೊಂದು ಚಿಟಿಕೆ ಹಾಕ್ತೀನಿ. ಬೆಳವಣಿಗೆ ಚೆನ್ನಾಗಿದೆ, ಗಿಳಿಹಸಿರು ಅಲ್ಲ, ಕಡುಹಸಿರು.

ಗದ್ದೆಬದು
ಚಿಟಿಕೆ ಅಂದ್ರೆ ಎಷ್ಟು? ನಮ್ಮತ್ತೆ ಚಿಟಿಕೆ ಉಪ್ಪು ಅಂದ್ರೆ ಅರ್ಧ ಹಿಡಿ. ಇಡಿಟಿಎ ಜೊತೆ ಬೆರೆಸಿ ಹಾಕಿ ಸರ್, ಆಗ ಕಬ್ಬಿಣ ಕರಗಿಯೇ ಇರುತ್ತದೆ. ನನ್ನದು 1000 ಲೀಟರ್ ಟ್ಯಾಂಕ್, ಮೇಲೆ ಹಸಿರು ನೆಟ್, ಚಕ್ರ ತಿರುಗಿಸೋಕೆ ಹಳೆ ಕೂಲರ್ ಮೋಟರ್. ಮೇ ತಿಂಗಳಲ್ಲೂ ಪಾಚಿ ಸತ್ತಿಲ್ಲ.

ಅಟೆಂಡರ್ ಅಣ್ಣ (ಕೊಪ್ಪಳ)
ಪಾಚಿ ಅಲ್ಲ, ಬ್ಯಾಕ್ಟೀರಿಯಾ.

ಗದ್ದೆಬದು
ಮೇಲೆ ನಾನೇ ಬ್ಯಾಕ್ಟೀರಿಯಾ ಅಂತ ಬರೆದಿದ್ದೇನೆ. ಮಾರುವಾಗ ಎಲ್ಲರೂ ಪಾಚಿ ಅಂತಾನೇ ಅನ್ನೋದು. ಗಿರಾಕಿಗೆ ಬ್ಯಾಕ್ಟೀರಿಯಾ ತಿನ್ನಿ ಅಂದ್ರೆ ತಿಂತಾರಾ?

ಬಿಸಿಲೂರು
ವಿಷಯಕ್ಕೆ ಬನ್ನಿ. 1962ರಲ್ಲಿ ಮಾರ್ಟೆನ್ಸನ್, ವ್ಯಾಲೆಂಟೈನ್, ಕಾರ್ನಹನ್ ಫೆರೆಡಾಕ್ಸಿನ್ ಅಂತ ಹೆಸರಿಟ್ಟರಲ್ಲ, ಯಾವ ಜೀವಿಯಲ್ಲಿ? ಕ್ಲಾಸ್ಟ್ರಿಡಿಯಂ. ಗಾಳಿ ಕಂಡರೆ ಆಗದ ಜೀವಿ. ಆ ಪ್ರೋಟೀನ್ ಹುಟ್ಟಿದ್ದೇ ಆಮ್ಲಜನಕ ಇಲ್ಲದ ಕಾಲಕ್ಕೆ.

ಸಂಡೂರು ಕಲ್ಲು
ಬಿಸಿಲೂರು ಸರ್, ಸ್ಪಿರುಲಿನಾ ಹಗಲೆಲ್ಲಾ ಆಮ್ಲಜನಕವನ್ನು ತಾನೇ ಉಗುಳುತ್ತದೆ. ಅದರ ಹೊಟ್ಟೆಯಲ್ಲೇ ಈ ಫೆರೆಡಾಕ್ಸಿನ್ ಇರೋದು. ಒಂದು ಮಧ್ಯಾಹ್ನ ಗಾಳಿ ತಾಗಿದ್ದಕ್ಕೆ ಪೂರಾ ಮಾಯ ಆಗಲ್ಲ. ಕ್ಲಾಸ್ಟ್ರಿಡಿಯಂನದು ನಾಲ್ಕು ಕಬ್ಬಿಣ, ನಾಲ್ಕು ಗಂಧಕದ ಗೊಂಚಲು, ಅಂಥವು ಎರಡು. ಸ್ಪಿರುಲಿನಾದ್ದು ಎರಡು ಕಬ್ಬಿಣ, ಎರಡು ಗಂಧಕ, ಪಾಲಕ್ ಸೊಪ್ಪಿನಲ್ಲಿ ಇರುವಂಥದ್ದೇ. ಇದು ಅದಕ್ಕಿಂತ ಗಟ್ಟಿ.

ಹುಟ್ಟಿದ ಕಾಲದ ಮಾತು ನಿಜ. ಕ್ಲಾಸ್ಟ್ರಿಡಿಯಂನದು ಬರೀ 55 ಅಮೈನೋ ಆಮ್ಲದ ಸರ. ಮಧ್ಯಕ್ಕೆ ಮಡಚಿದರೆ ಮೊದಲರ್ಧ, ಎರಡನೇ ಅರ್ಧ ಅಣ್ಣ-ತಮ್ಮನ ಹಾಗಿವೆ. ಚಿಕ್ಕದೊಂದು ಸರ ಎರಡಾಗಿ ಕೂಡಿಕೊಂಡು ಇದಾಗಿದೆ ಅಂತ ಎಕ್ ಮತ್ತು ಡೇಹಾಫ್ 1966ರಲ್ಲೇ ಬರೆದರು. ಆಗಿನ ಸಮುದ್ರದಲ್ಲಿ ಕರಗಿದ ಕಬ್ಬಿಣ ಬೇಕಾದಷ್ಟಿತ್ತು. ಕೈಗೆ ಸಿಕ್ಕಿದ್ದರಲ್ಲೇ ಅಡುಗೆ. ಆ ಕಬ್ಬಿಣ ಎಲ್ಲಿ ಹೋಯಿತು ಅಂತ ನೋಡಬೇಕಾದರೆ ನಮ್ಮೂರ ಗುಡ್ಡಕ್ಕೆ ಬನ್ನಿ, ಕೆಂಪು ಪದರ ಪದರವಾಗಿ ಕೂತಿದೆ.

ಬಿಸಿಲೂರು
ಒಂದು ನಿಮಿಷ. ಸಂಡೂರಿನ ಕಲ್ಲು ಸುಮಾರು 270 ಕೋಟಿ ವರ್ಷದ್ದು. ಗಾಳಿಯಲ್ಲಿ ಆಮ್ಲಜನಕ ಏರಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಆಮ್ಲಜನಕ ಇಲ್ಲದೆ ತುಕ್ಕು ಹಿಡಿಸಿದವರು ಯಾರು?

ಸಂಡೂರು ಕಲ್ಲು
ಬೆಳಕು ಉಂಡು, ನೀರಿನ ಬದಲು ಕಬ್ಬಿಣದಿಂದಲೇ ಎಲೆಕ್ಟ್ರಾನ್ ಕಿತ್ತು ಅದನ್ನು ತುಕ್ಕಾಗಿಸುವ ಬ್ಯಾಕ್ಟೀರಿಯಾ ಇವತ್ತಿಗೂ ಇವೆ. ಅವಕ್ಕೆ ಆಮ್ಲಜನಕ ಬೇಡ. ಅಲ್ಲಲ್ಲಿ ಸಮುದ್ರದ ಮೇಲ್ಪದರದಲ್ಲಿ ಆಮ್ಲಜನಕ ಮೊದಲೇ ಇತ್ತು ಅನ್ನುವವರೂ ಇದ್ದಾರೆ. ಜಗಳ ಮುಗಿದಿಲ್ಲ.

ಬಿಸಿಲೂರು
ಅಂದ್ರೆ ಗುಡ್ಡ ತೋರಿಸಿ ಪಾಠ ಹೇಳಿದ್ದು ಪೂರ್ತಿ ಸರಿ ಅಲ್ಲ ಅಂತ ಒಪ್ಪಿಕೊಂಡ್ರಿ.

ಕೋಟೆಗುಡ್ಡ
ಸ್ವಾಮಿ, ಗುಡ್ಡ ಆಮೇಲೆ ಅಗೆಯಿರಿ. ನನ್ನ ಕಾಲಮ್ ಕತೆ ಏನು? ನಿನ್ನೆ ನಾಲ್ಕನೇ ಸಲ ಮಾಡಿದೆ. ಟ್ಯಾಂಕಿಗೆ ಇಡಿಟಿಎ ಬೆರೆಸಿದ ಕಬ್ಬಿಣ ಹಾಕಿ 10 ದಿನ ಬಿಟ್ಟಿದ್ದೆ. ಬಲೂನಿನಲ್ಲಿ ನೈಟ್ರೋಜನ್ ತಂದು ಬಫರ್‌ಗೆ ಗುಳುಗುಳು ಅನ್ನಿಸಿದೆ. ಅದೇ ಬಿಳಿ ಕಾಲಮ್. ಕರೆಂಟೂ ಹೋಗಿರಲಿಲ್ಲ.

ಬಿಸಿಲೂರು
ಬಲೂನಾ?! ರಬ್ಬರ್ ಬಲೂನಿನಲ್ಲಿ ಆಮ್ಲಜನಕ ಸಲೀಸಾಗಿ ನುಸುಳುತ್ತದೆ. ನಾನು ಹೇಳಿದ್ದೇ ಇದು.

ಅಟೆಂಡರ್ ಅಣ್ಣ
ಸರ್, ನಾನು ಕೆಮಿಸ್ಟ್ರಿ ಲ್ಯಾಬಿನಲ್ಲಿ 22 ವರ್ಷದಿಂದ ಬಾಟಲಿ ತೊಳೀತಿದ್ದೇನೆ, ಫೆರೆಡಾಕ್ಸಿನ್ ನನಗೆ ಅಷ್ಟಕ್ಕಷ್ಟೆ. ಎರಡು ಮಾತು ಕೇಳ್ತೀನಿ, ಬೇಜಾರಾಗಬೇಡಿ. ಮೊದಲ ಸಲ ಕಾಲಮ್ ಮೇಲೆ ನೀಲಿ ಇತ್ತು ಅಂದ್ರಿ. ಈಗ ಬೆಳ್ಳಗಿದೆ ಅಂತೀರಿ. ನೀಲಿ ಎಲ್ಲಿ ಹೋಯಿತು? ಇನ್ನೊಂದು, ಚರಂಡಿ ವಾಸನೆ ಭಾನುವಾರ ಮಾತ್ರ ಯಾಕೆ? ಸೋಮವಾರ ಚರಂಡಿಗೆ ರಜೆನಾ?

ಕೋಟೆಗುಡ್ಡ
ನೀಲಿ ಅಂದ್ರೆ ಫೈಕೋಸಯನಿನ್ ಅಣ್ಣಾ, ಸ್ಪಿರುಲಿನಾದ ನೀಲಿ ಪ್ರೋಟೀನ್. ಅದು ಜಾಸ್ತಿ ಇದ್ದು ಎಲ್ಲಾ ಮುಚ್ಚಿಬಿಡ್ತಿತ್ತು. ಅದಕ್ಕೇ ಮೊದಲೇ ತೆಗೆದುಬಿಡ್ತೀನಿ. ತಿಳಿಗೆ ಹನಿ ಹನಿ ಹೈಡ್ರೋಕ್ಲೋರಿಕ್ ಆಸಿಡ್ ಬಿಟ್ಟು ಪಿಹೆಚ್ 3ಕ್ಕೆ ಇಳಿಸ್ತೀನಿ, ನೀಲಿ ಎಲ್ಲಾ ಮೊಸರಿನ ಹಾಗೆ ಒಡೆದು ತಳಕ್ಕೆ ಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಸೋಸಿ ಮತ್ತೆ 7.5ಕ್ಕೆ ತರ್ತೀನಿ. ಇದು ಮಾಮೂಲು ಅಲ್ವಾ, ಬರೆಯೋದೇನಿದೆ ಅಂತ ಬಿಟ್ಟೆ.

ಅಟೆಂಡರ್ ಅಣ್ಣ
ಸಿಕ್ಕಿತು ನೋಡ್ರಿ. ಪಿಯುಸಿ ಮಕ್ಕಳು ಸಾಲ್ಟ್ ಅನಾಲಿಸಿಸ್‌ನಲ್ಲಿ ಸಲ್ಫೈಡ್‌ಗೆ ಆಸಿಡ್ ಹಾಕಿದರೆ ಏನು ವಾಸನೆ ಬರುತ್ತದೆ? ಕೊಳೆತ ಮೊಟ್ಟೆ. ನಿಮ್ಮ ಚರಂಡಿ ಓಣಿಯಲ್ಲಿಲ್ಲ, ಬೀಕರಿನಲ್ಲಿದೆ.

ಸಂಡೂರು ಕಲ್ಲು
ಅಯ್ಯೋ! ಕೋಟೆಗುಡ್ಡ ಸರ್, ಇದನ್ನು ಮೊದಲೇ ಹೇಳಬಾರದಿತ್ತಾ? ಈ ಗೊಂಚಲಿನ ಗಂಧಕಕ್ಕೆ ಆಸಿಡ್ ಅಂದ್ರೆ ಆಗಲ್ಲ. ಸಿಸ್ಟೀನ್‌ನ (ಪ್ರೋಟೀನ್ ಸರದ ಒಂದು ಅಮೈನೋ ಆಮ್ಲ) ಗಂಧಕ ಪ್ರೋಟೀನಿಗೆ ಅಂಟಿಕೊಂಡೇ ಇರುತ್ತದೆ. ಗೊಂಚಲಿನ ಗಂಧಕ ಹಾಗಲ್ಲ, ಆಸಿಡ್ ಬಿದ್ದ ಕೂಡಲೇ ಹೈಡ್ರೋಜನ್ ಸಲ್ಫೈಡ್ ಆಗಿ ಹಾರಿಹೋಗುತ್ತದೆ. ಮೊದಲ ದಿನಗಳಲ್ಲಿ ಈ ಪ್ರೋಟೀನ್‌ಗಳನ್ನು ಗುರುತು ಹಿಡಿದದ್ದೇ ಹೀಗೆ: ಆಸಿಡ್ ಹಾಕು, ಎಷ್ಟು ಸಲ್ಫೈಡ್ ಬಂತು ಅಳೆ. ರುಬ್ರಿಡಾಕ್ಸಿನ್‌ನಲ್ಲಿ (ಇದೂ ಒಂದು ಕಬ್ಬಿಣದ ಪ್ರೋಟೀನ್) ಒಂದೇ ಕಬ್ಬಿಣ, ನಾಲ್ಕು ಸಿಸ್ಟೀನ್, ಬಿಡಿ ಗಂಧಕ ಇಲ್ಲ. ಅದಕ್ಕೆ ಆಸಿಡ್ ಹಾಕಿದರೆ ಈ ವಾಸನೆ ಬರಲ್ಲ.

ನೀಲಿ ತೆಗೆಯೋಕೆ ಆಸಿಡ್ ಬೇಡ. ಅಮೋನಿಯಂ ಸಲ್ಫೇಟ್ ಹಾಕಿ ಸುಮಾರು 65 ಪರ್ಸೆಂಟ್‌ಗೆ ಏರಿಸಿ. ನೀಲಿಯ ಬಹುಪಾಲು ಕೂತುಬಿಡುತ್ತದೆ, ಫೆರೆಡಾಕ್ಸಿನ್ ತಿಳಿಯಲ್ಲೇ ಇರುತ್ತದೆ. ತಿಳಿಯನ್ನು ಡಯಾಲಿಸಿಸ್ ಮಾಡಿ, ಅಂದ್ರೆ ಪೊರೆ ಚೀಲದಲ್ಲಿಟ್ಟು ಉಪ್ಪು ತೆಗೆದು, ಕಾಲಮ್‌ಗೆ ಬಿಡಿ. 0.2 ಮೋಲಾರ್ ಉಪ್ಪಿನಲ್ಲಿ ತೊಳೆದರೆ ಉಳಿದ ನೀಲಿ ಇಳಿದುಹೋಗುತ್ತದೆ. ಫೆರೆಡಾಕ್ಸಿನ್‌ಗೆ ಋಣ ಆವೇಶ ಜಾಸ್ತಿ, ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಅದನ್ನು ಇಳಿಸೋಕೆ ಇನ್ನೂ ಉಪ್ಪು ಬೇಕು, 0.5ರಿಂದ 0.8 ನೋಡಿ.

ಕೋಟೆಗುಡ್ಡ
ತಲೆ ಚಚ್ಚಿಕೊಳ್ಳೋ ಹಾಗಾಗಿದೆ. ಓಣಿಯ ಚರಂಡಿ ತೆಗೆಸಿ ಅಂತ ಅರ್ಜಿ ಬೇರೆ ಬರೆದುಕೊಟ್ಟಿದ್ದೇನೆ.

ಹಾಳಾದ ತಿಳಿ ಎರಡು ಬಾಟಲಿ ಫ್ರಿಜ್‌ನಲ್ಲಿದೆ. ಗೊಂಚಲನ್ನು ವಾಪಸ್ ಕೂರಿಸೋಕೆ ಆಗಲ್ವಾ?

ಸಂಡೂರು ಕಲ್ಲು
ಆಗುತ್ತದೆ. ಕ್ಲಾಸ್ಟ್ರಿಡಿಯಂನದನ್ನು ಮಾಲ್ಕಿನ್, ರಾಬಿನೋವಿಟ್ಜ್ 1966ರಲ್ಲೇ ಮಾಡಿ ತೋರಿಸಿದ್ದಾರೆ. ಕಬ್ಬಿಣದ ಉಪ್ಪು, ಸೋಡಿಯಂ ಸಲ್ಫೈಡ್, ಜೊತೆಗೆ ಮರ್ಕ್ಯಾಪ್ಟೋಇಥನಾಲ್‌ನಂಥ ಥಯಾಲ್ (ಗಂಧಕ-ಹೈಡ್ರೋಜನ್ ಜೋಡಿ ಇರುವ ರಾಸಾಯನಿಕ) ಕೊಟ್ಟರೆ ಗೊಂಚಲು ತಾನೇ ಕಟ್ಟಿಕೊಳ್ಳುತ್ತದೆ. ನನಗೆ ಇದರಲ್ಲಿ ಮೈ ಜುಂ ಅನ್ನಿಸೋದು ಇನ್ನೊಂದು. 1972ರಲ್ಲಿ ಹೋಮ್ ಮತ್ತು ಜೊತೆಗಾರರು ಪ್ರೋಟೀನೇ ಇಲ್ಲದೆ, ಬರೀ ಫ್ಲಾಸ್ಕಿನಲ್ಲಿ, ನಾಲ್ಕು ಕಬ್ಬಿಣ ನಾಲ್ಕು ಗಂಧಕದ ಗೊಂಚಲು ಕಟ್ಟಿದರು. ಜೀವ ಹುಟ್ಟುವ ಮೊದಲೇ ಇಂಥವು ಇದ್ದಿರಬಹುದು ಅಂತ ಜನ ಯೋಚನೆ ಮಾಡೋದಕ್ಕೆ ಇದೂ ಒಂದು ಕಾರಣ. ಹಾಗಿದ್ದೂ ಇವತ್ತಿನ ಬ್ಯಾಕ್ಟೀರಿಯಾ ಇದನ್ನು ಕಟ್ಟೋಕೆ ಐಎಸ್‌ಸಿ, ಸಫ್ ಅಂತ ಪ್ರೋಟೀನ್‌ಗಳ ದೊಡ್ಡ ಪಟಾಲಮ್ಮನ್ನೇ ಇಟ್ಟುಕೊಂಡಿದೆ. ಬಿಡಿ ಕಬ್ಬಿಣ, ಬಿಡಿ ಸಲ್ಫೈಡ್ ಎರಡೂ ಜೀವಕೋಶಕ್ಕೆ ವಿಷ. ಕೈಯಿಂದ ಕೈಗೇ ದಾಟಿಸಬೇಕು.

ಆದರೆ ನಿಮ್ಮ ಬಾಟಲಿಯಲ್ಲಿ ನೂರೆಂಟು ಪ್ರೋಟೀನ್ ಇವೆ, ಅದಕ್ಕೆ ಸಲ್ಫೈಡ್ ಹಾಕಿದರೆ ಕರಿ ಕೆಸರು ಸಿಗುತ್ತದೆ. ಮೇಲಾಗಿ ಈ ಕೆಲಸಕ್ಕೆ ಗಾಳಿ ಸುಳಿಯಬಾರದು.

ಬಿಸಿಲೂರು
ನೋಡಿದ್ರಾ? ಕೊನೆಗೆ ನನ್ನ ಬ್ಯಾಗೇ ಬೇಕಾಯಿತು.

ಕೋಟೆಗುಡ್ಡ
ಇವತ್ತು ಐದನೇ ಸಲ. ಆಸಿಡ್ ಬಾಟಲಿ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೆ. ಪಟ್ಟಿ ಬಂತು! ಕಾಲಮ್ ತುದಿಯಲ್ಲಿ ಕಿರುಬೆರಳ ಉಗುರಿನಷ್ಟು, ಹಳೆ ಹೆಂಚಿನ ಬಣ್ಣ. ಯಾವ ಬೆಳಕು ಎಷ್ಟು ಹೀರುತ್ತದೆ ಅಂತ ಅಳೆಯುವ ಸ್ಪೆಕ್ಟ್ರೋದಲ್ಲಿ 420 ನ್ಯಾನೋಮೀಟರ್‌ಗೆ ಗುಡ್ಡ, 460ರ ಹತ್ತಿರ ಹೆಗಲು. 420ರ ಓದನ್ನು 275ರದ್ದರಿಂದ ಭಾಗಿಸಿದರೆ 0.21. ಪೂರ್ತಿ ಶುದ್ಧ ಇದ್ದರೆ 0.5ರ ಹತ್ತಿರ ಇರಬೇಕು, ಗೊತ್ತು. ಇರಲಿ.

ಹಾಳಾದ ತಿಳಿ ಚೆಲ್ಲಿದೆ. ಕ್ಲಾಸಿನಲ್ಲಿ ಹೊಸ ತಿಳಿಗೇ ಆಸಿಡ್ ಬಿಟ್ಟು ಟ್ಯೂಬ್ ಬಾಯಿಗೆ, ಹೈಡ್ರೋಜನ್ ಸಲ್ಫೈಡ್ ತಾಗಿದರೆ ಕಪ್ಪಾಗುವ ಲೆಡ್ ಅಸಿಟೇಟ್ ಕಾಗದ ಹಿಡಿಯೋಣ ಅಂತಿದ್ದೇನೆ. ಎಷ್ಟು ತಿಳಿ ತೊಗೊಂಡರೆ ಕಪ್ಪು ಚೆನ್ನಾಗಿ ಕಾಣುತ್ತದೆ ಅಟೆಂಡರ್ ಅಣ್ಣಾ?

ಅಟೆಂಡರ್ ಅಣ್ಣ
10 ಎಂಎಲ್‌ನಿಂದ ಶುರು ಮಾಡಿ. ಕಾಗದ ಒದ್ದೆ ಇರಬೇಕು, ಟ್ಯೂಬ್ ಬಾಯಿ ಹತ್ತಿ ಇಟ್ಟು ಮುಚ್ಚಿ. ಕಿಟಕಿ ತೆಗೆದಿಡಿ.

ಗದ್ದೆಬದು
ಸರ್, ಕಬ್ಬಿಣ ಹಾಕಿದ್ದಕ್ಕೂ ಪಟ್ಟಿ ದಪ್ಪ ಬಂದಿರಬಹುದು. ಹಾಕದ ಟ್ಯಾಂಕಿನದ್ದನ್ನೂ ಒಂದು ಸಲ ಮಾಡಿ ನೋಡಿ. ನನ್ನ ಹೊಸ ಟ್ಯಾಂಕಿನ ಫೋಟೋ ಕೆಳಗೆ ಹಾಕಿದ್ದೇನೆ, ಈ ಸಲ ಎರಡು ಮೋಟರ್.

ಬಿಸಿಲೂರು
ಯಾವ ಮೋಟರ್ ಮೇಡಂ? ನಿಮಿಷಕ್ಕೆ ಎಷ್ಟು ಸುತ್ತು?