ಬೆಲೆಯೊಳಗೆ ಅಡಗಿರುವ ಬೆಳವಣಿಗೆ ಎಷ್ಟು? – ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಬೆಂಗಳೂರಿನಲ್ಲಿ ಎಂಟು ವರ್ಷಗಳಿಂದ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಬ್ಯಾಂಕುಗಳಿಗೆ ತಂತ್ರಾಂಶ ಬರೆಯುವುದು ನನ್ನ ಕೆಲಸ. ತಂತ್ರಜ್ಞಾನ ನನಗೆ ಗೊತ್ತಿರುವ ಕ್ಷೇತ್ರವಾದ್ದರಿಂದ, ಉಳಿತಾಯವನ್ನೆಲ್ಲ ಆ ಕ್ಷೇತ್ರದ ಒಳ್ಳೆಯ ಕಂಪನಿಗಳ ಷೇರಿನಲ್ಲಿ ತೊಡಗಿಸಿ ಹದಿನೈದು ಇಪ್ಪತ್ತು ವರ್ಷ ಮುಟ್ಟದೆ ಇಡಬೇಕೆಂದಿದ್ದೇನೆ. ಇಷ್ಟು ದೀರ್ಘಕಾಲ ಇಡುವವರು ಕೊಳ್ಳುವ ಬೆಲೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಇದು ಸರಿಯೇ? ಕಂಪನಿಗಳ ಮೌಲ್ಯಮಾಪನ ಕಲಿಸುವ ಕೋರ್ಸ್ ಒಂದಕ್ಕೆ 40,000 ರೂಪಾಯಿ ಕೇಳುತ್ತಿದ್ದಾರೆ, ಸೇರಬಹುದೇ?

ಉತ್ತರ: ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ: ನಾನು ಚಾರ್ಟರ್ಡ್ ಅಕೌಂಟೆಂಟ್, ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿಸಿಕೊಂಡ ಹೂಡಿಕೆ ಸಲಹೆಗಾರಳಲ್ಲ. ಆದ್ದರಿಂದ ಇಂಥ ಷೇರು ಕೊಳ್ಳಿ, ಇಂಥದ್ದನ್ನು ಬಿಡಿ ಎಂದು ಹೇಳುವುದಿಲ್ಲ. ಲೆಕ್ಕ ಹಾಕುವ ಕ್ರಮವನ್ನಷ್ಟೇ ತೋರಿಸಬಲ್ಲೆ.

ನಿಮ್ಮ ಗೆಳೆಯರ ಮಾತನ್ನು ನಮ್ಮೂರಿನ ಕಂಪನಿಯೊಂದರ ಮೇಲೆಯೇ ಪರೀಕ್ಷಿಸೋಣ. ಇನ್ಫೋಸಿಸ್ 1993ರಲ್ಲಿ ಷೇರಿಗೆ 95 ರೂಪಾಯಿಯಂತೆ ಸಾರ್ವಜನಿಕರಿಗೆ ಷೇರು ನೀಡಿತು. ಆಗ ಕೊಂಡ 100 ಷೇರುಗಳು, ಬೋನಸ್ (ಇದ್ದ ಷೇರುಗಳಿಗೆ ಉಚಿತವಾಗಿ ಸೇರುವ ಷೇರು) ಹಾಗೂ ಮುಖಬೆಲೆ ವಿಭಜನೆಗಳೆಲ್ಲ (ಒಂದು ಷೇರನ್ನು ಹಲವಾಗಿ ಒಡೆಯುವುದು) ಸೇರಿ, 2018ರ ಬೋನಸ್ ಹೊತ್ತಿಗೆ 1,02,400 ಷೇರುಗಳಾಗಿದ್ದವು. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದೇ ಕಂಪನಿಯ ಷೇರನ್ನು 2000ದ ಮಾರ್ಚ್‌ನಲ್ಲಿ ಕೊಂಡವರ ಕಥೆಯನ್ನು ಹೇಳುವವರು ಕಡಿಮೆ. ನಾನು ಆಗ ಜಯನಗರದ ಕಚೇರಿಯೊಂದರಲ್ಲಿ ಆರ್ಟಿಕಲ್‌ಶಿಪ್ (ಸಿಎ ಓದುವವರ ಕಚೇರಿ ತರಬೇತಿ) ಮಾಡುತ್ತಿದ್ದೆ. ತೆರಿಗೆ ರಿಟರ್ನ್‌ಗೆಂದು ಬಂದವರೂ ಷೇರಿನ ಬೆಲೆ ವಿಚಾರಿಸದೆ ಎದ್ದು ಹೋಗುತ್ತಿರಲಿಲ್ಲ.

ಆ ಮಾರ್ಚ್ ಕೊನೆಯಲ್ಲಿ ಷೇರಿನ ಬೆಲೆ ಸುಮಾರು 9,000 ರೂಪಾಯಿ, ಕಂಪನಿಯ ಒಟ್ಟು ಮಾರುಕಟ್ಟೆ ಮೌಲ್ಯ (ಎಲ್ಲ ಷೇರುಗಳ ಒಟ್ಟು ಬೆಲೆ) ಸುಮಾರು 59,000 ಕೋಟಿ ರೂಪಾಯಿ. ಆ ವರ್ಷದ ನಿವ್ವಳ ಲಾಭ ಸುಮಾರು 290 ಕೋಟಿ. ಅಂದರೆ ಒಂದು ರೂಪಾಯಿ ಲಾಭಕ್ಕೆ ಪೇಟೆ 200 ರೂಪಾಯಿ ಕೊಡುತ್ತಿತ್ತು. ಮರುವರ್ಷ ಲಾಭ 600 ಕೋಟಿಯನ್ನು ದಾಟಿತು. ಷೇರಿನ ಬೆಲೆ ಮಾತ್ರ ಸುಮಾರು 4,000ಕ್ಕೆ ಇಳಿಯಿತು. 2005ರ ಮಾರ್ಚ್‌ಗೆ ಲಾಭ 1,800 ಕೋಟಿಯನ್ನು ಮೀರಿ, ಐದು ವರ್ಷದ ಹಿಂದಿನದರ ಆರು ಪಟ್ಟಾಗಿತ್ತು. ಆಗಿನ ಮಾರುಕಟ್ಟೆ ಮೌಲ್ಯ ಸುಮಾರು 61,000 ಕೋಟಿ! ಕಂಪನಿಯ ಆಡಳಿತದಲ್ಲಿ ಯಾವ ಲೋಪವೂ ಆಗಿರಲಿಲ್ಲ. ಐದು ವರ್ಷದ ಅಷ್ಟೂ ಬೆಳವಣಿಗೆಯ ಬೆಲೆಯನ್ನು ಕೊಂಡವರು ಮುಂಗಡವಾಗಿ ತೆತ್ತಿದ್ದರು, ಅಷ್ಟೇ.

ಈಗ ಲೆಕ್ಕವನ್ನು ಹಿಂದುಮುಂದಾಗಿ ಹಾಕುವುದನ್ನು ನೋಡಿ. ಕಂಪನಿ ಎಷ್ಟು ಬೆಳೆಯಬಹುದು ಎಂದು ಊಹಿಸುವ ಬದಲು, ಇಂದಿನ ಬೆಲೆ ಎಷ್ಟು ಬೆಳವಣಿಗೆಯನ್ನು ಈಗಾಗಲೇ ಒಪ್ಪಿಕೊಂಡಿದೆ ಎಂದು ಕೇಳಬೇಕು. 2000ದಲ್ಲಿ ಕೊಂಡವರಿಗೆ ಹತ್ತು ವರ್ಷ, ವರ್ಷಕ್ಕೆ ಶೇ. 15ರಷ್ಟು ಪ್ರತಿಫಲ ಬೇಕಿತ್ತೆಂದು ಇಟ್ಟುಕೊಳ್ಳಿ. ಚಕ್ರಬಡ್ಡಿಯ ಲೆಕ್ಕದಲ್ಲಿ ಹಣ ನಾಲ್ಕು ಪಟ್ಟಿಗಿಂತ ತುಸು ಹೆಚ್ಚಾಗಬೇಕು, ಅಂದರೆ ಮಾರುಕಟ್ಟೆ ಮೌಲ್ಯ ಸುಮಾರು 2,39,000 ಕೋಟಿ ಆಗಬೇಕು. ಹತ್ತು ವರ್ಷದ ನಂತರ, ದೊಡ್ಡದಾಗಿ ಬೆಳೆದು ನಿಂತ ಕಂಪನಿಗೆ ಪೇಟೆ ಲಾಭದ 25 ಪಟ್ಟು ಕೊಡುತ್ತದೆ ಎಂದು ಧಾರಾಳವಾಗಿಯೇ ಭಾವಿಸಿದರೂ, ಲಾಭ ಸುಮಾರು 9,500 ಕೋಟಿ ಆಗಬೇಕು. ಅಂದರೆ ಅದು ಹತ್ತು ವರ್ಷ ಬಿಡದೆ ಶೇ. 42ರಂತೆ ಬೆಳೆಯಬೇಕು. ವಾಸ್ತವದಲ್ಲಿ 2010ರ ಮಾರ್ಚ್‌ಗೆ ಬಂದ ಲಾಭ ಸುಮಾರು 6,200 ಕೋಟಿ, ಅಂದರೆ ವರ್ಷಕ್ಕೆ ಶೇ. 36ರ ಬೆಳವಣಿಗೆ. ಇಷ್ಟನ್ನು ಸಾಧಿಸಿದ ಕಂಪನಿಗಳು ಜಗತ್ತಿನಲ್ಲಿಯೇ ವಿರಳ. ಅದೂ ಸಾಲಲಿಲ್ಲ, ಹೂಡಿದವರ ಹಣ ಹತ್ತು ವರ್ಷದಲ್ಲಿ ಸುಮಾರು ಎರಡೂವರೆ ಪಟ್ಟಾಯಿತು. ವರ್ಷಕ್ಕೆ ಶೇ. 10ರ ಆಸುಪಾಸು, ಮೇಲೆ ಒಂದಿಷ್ಟು ಡಿವಿಡೆಂಡ್.

ತಂತ್ರಜ್ಞಾನ ಗೊತ್ತಿರುವುದು ಒಂದು ಬಲ ನಿಜ, ಆದರೆ ಅದು ನೀವು ಅಂದುಕೊಂಡ ಜಾಗದಲ್ಲಿಲ್ಲ. ಅಂತರ್ಜಾಲ ಜಗತ್ತನ್ನು ಬದಲಿಸುತ್ತದೆ ಎಂದು 2000ದಲ್ಲಿ ನಂಬಿದವರು ತಪ್ಪು ತಿಳಿದಿರಲಿಲ್ಲ. ಅದಕ್ಕೆ ಬೇಕಾದ ರೂಟರ್‌ಗಳನ್ನು ಮಾರುವ ಸಿಸ್ಕೊ ಮುಂದೆಯೂ ಲಾಭ ಮಾಡಿತು. ಅದರ ಷೇರು ಮಾತ್ರ ಆ ಮಾರ್ಚ್‌ನ ಬೆಲೆಯನ್ನು ಇಪ್ಪತ್ತು ವರ್ಷ ಕಳೆದರೂ ಮುಟ್ಟಲಿಲ್ಲ. ನಿಮ್ಮ ತಿಳಿವಳಿಕೆ ಉಪಯೋಗಕ್ಕೆ ಬರುವುದು ಬೇರೆ ಕಡೆ. ಬ್ಯಾಂಕೊಂದು ತನ್ನ ಕೋರ್ ಬ್ಯಾಂಕಿಂಗ್ ತಂತ್ರಾಂಶವನ್ನು (ಎಲ್ಲ ಶಾಖೆಗಳ ಖಾತೆಗಳನ್ನು ನಡೆಸುವ ಮೂಲ ವ್ಯವಸ್ಥೆ) ಬದಲಿಸಲು ಹೊರಟರೆ ಹಳೆಯ ಖಾತೆಗಳ ದತ್ತಾಂಶವನ್ನು ಸಾಗಿಸುವುದು, ಶಾಖೆಗಳ ಸಿಬ್ಬಂದಿಗೆ ತರಬೇತಿ ಕೊಡುವುದು, ಎರಡೂ ವ್ಯವಸ್ಥೆಗಳನ್ನು ಕೆಲಕಾಲ ಜೊತೆಯಾಗಿ ನಡೆಸುವುದು ಎಷ್ಟು ಯಾತನೆಯ ಕೆಲಸವೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆದ್ದರಿಂದಲೇ ಅಂಥ ಗ್ರಾಹಕರು ಬೇಗ ಬಿಟ್ಟು ಹೋಗುವುದಿಲ್ಲ. ಬೆಳವಣಿಗೆ ಎಷ್ಟು ವರ್ಷ ಉಳಿದೀತು ಎಂಬ ಅಂದಾಜನ್ನು ತಿದ್ದಲು ಈ ತಿಳಿವಳಿಕೆಯನ್ನು ಬಳಸಿ.

ಇನ್ನೊಂದು ಮಾತು. ನಿಮ್ಮ ಸಂಬಳ ಬರುವುದೂ ಇದೇ ಕ್ಷೇತ್ರದಿಂದ. ಉಳಿತಾಯವನ್ನೂ ಅಲ್ಲಿಗೇ ಹಾಕಿದರೆ ಎರಡನ್ನೂ ಒಂದೇ ಗೂಟಕ್ಕೆ ಕಟ್ಟಿದಂತೆ. ಕ್ಷೇತ್ರ ಮುಗ್ಗರಿಸಿದ ವರ್ಷವೇ ಕೆಲಸ ಹೋಗಿ, ಬಿದ್ದ ಬೆಲೆಗೆ ಷೇರು ಮಾರಬೇಕಾಗಿ ಬಂದೀತು.

ಕೋರ್ಸಿನ 40,000 ನಿಮ್ಮಲ್ಲೇ ಇರಲಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಸ್ವತ್ ದಾಮೋದರನ್ ತಮ್ಮ ಮೌಲ್ಯಮಾಪನದ ಪಾಠಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಅದಕ್ಕಿಂತ ಮೊದಲು ಯಾವುದಾದರೂ ಒಂದೇ ಕಂಪನಿಯ ಹತ್ತು ವರ್ಷದ ವಾರ್ಷಿಕ ವರದಿಗಳನ್ನು ಹಳೆಯದರಿಂದ ಹೊಸದರ ಕಡೆಗೆ ಓದಿ. ಆಡಳಿತ ಮಂಡಳಿ ಅಂದು ಹೇಳಿದ್ದೇನು, ಆದದ್ದೇನು ಎಂಬುದು ಆ ಕ್ರಮದಲ್ಲಿ ಓದಿದರಷ್ಟೇ ಕಾಣುತ್ತದೆ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಾನು ನವೋದ್ಯಮವೊಂದರಲ್ಲಿದ್ದೇನೆ. ಹೊಸ ಹೂಡಿಕೆ ಬಂದ ಮೇಲೆ ಕಂಪನಿಯ ಮೌಲ್ಯ ಇಷ್ಟು ಕೋಟಿ ಎಂದು ಪತ್ರಿಕೆಯಲ್ಲಿ ಪ್ರಕಟವಾಯಿತು. ನನ್ನ ಇಸಾಪ್ (ನಿಗದಿತ ಬೆಲೆಗೆ ಷೇರು ಪಡೆಯಲು ನೌಕರರಿಗೆ ಕೊಡುವ ಆಯ್ಕೆ) ಪಾಲನ್ನು ಆ ಮೊತ್ತದಿಂದ ಗುಣಿಸಿ ಮನೆ ಸಾಲಕ್ಕೆ ಕೈ ಹಾಕಬಹುದೇ?

ಉತ್ತರ: ದಯವಿಟ್ಟು ಬೇಡ. ಪತ್ರಿಕೆಯಲ್ಲಿ ಬರುವ ಮೊತ್ತವೆಂದರೆ ಕೊನೆಯ ಹೂಡಿಕೆದಾರರು ಕೊಟ್ಟ ಬೆಲೆಯನ್ನು ಕಂಪನಿಯ ಎಲ್ಲ ಷೇರುಗಳಿಗೂ ಅನ್ವಯಿಸಿ ಗುಣಿಸಿದ ಸಂಖ್ಯೆ. ಅವರು ಕೊಂಡದ್ದು ಸಾಮಾನ್ಯವಾಗಿ ಆದ್ಯತಾ ಷೇರು (ಹಣ ಮರಳುವಾಗ ಮೊದಲ ಹಕ್ಕಿರುವುದು), ನಿಮಗೆ ಸಿಗುವುದು ಈಕ್ವಿಟಿ ಷೇರು (ಉಳಿದದ್ದರಲ್ಲಿ ಪಾಲು). ಹೂಡಿಕೆದಾರರು ಒಟ್ಟು 300 ಕೋಟಿ ಹಾಕಿ, ಅದನ್ನು ಮೊದಲು ಮರಳಿ ಪಡೆಯುವ ಹಕ್ಕನ್ನು ಕರಾರಿನಲ್ಲಿ ಇಟ್ಟುಕೊಂಡಿದ್ದು, ಮುಂದೆ ಕಂಪನಿ 350 ಕೋಟಿಗೆ ಮಾರಾಟವಾದರೆ, ಸ್ಥಾಪಕರು ಮತ್ತು ನೌಕರರೆಲ್ಲ ಸೇರಿ ಹಂಚಿಕೊಳ್ಳಲು 50 ಕೋಟಿ ಉಳಿಯುತ್ತದೆ. ತೆರಿಗೆಯೂ ಇದೆ. ಆಯ್ಕೆಯನ್ನು ಚಲಾಯಿಸಿ ಷೇರು ಪಡೆದಾಗ, ಮರ್ಚೆಂಟ್ ಬ್ಯಾಂಕರ್ (ಷೇರಿನ ಮೌಲ್ಯ ಅಳೆಯುವ ಅಧಿಕೃತ ಸಂಸ್ಥೆ) ನಿಗದಿಪಡಿಸಿದ ಮೌಲ್ಯಕ್ಕೂ ನೀವು ಕೊಟ್ಟ ಬೆಲೆಗೂ ಇರುವ ವ್ಯತ್ಯಾಸವನ್ನು ಸಂಬಳದ ಭಾಗವೆಂದೇ ಪರಿಗಣಿಸುತ್ತಾರೆ. ಷೇರು ಮಾರಿ ಒಂದು ರೂಪಾಯಿಯೂ ಕೈಗೆ ಬಾರದಿದ್ದರೂ. ಆಯ್ದ ಅರ್ಹ ನವೋದ್ಯಮಗಳ ನೌಕರರಿಗೆ ಈ ತೆರಿಗೆಯನ್ನು ಮುಂದೂಡುವ ಅವಕಾಶವಿದೆ. ನಿಮ್ಮ ಕಂಪನಿ ಆ ಗುಂಪಿನಲ್ಲಿದೆಯೇ ಎಂದು ಎಚ್‌ಆರ್ ವಿಭಾಗವನ್ನು ಲಿಖಿತವಾಗಿ ಕೇಳಿ.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ನೀವು ಹೇಳಿದಂತೆ ಒಂದು ತಂತ್ರಾಂಶ ಕಂಪನಿಯ ಲೆಕ್ಕ ಹಾಕಿದೆ. ಮಾರುಕಟ್ಟೆ ಮೌಲ್ಯ 14,000 ಕೋಟಿ, ಲಾಭ 200 ಕೋಟಿ. ಹತ್ತು ವರ್ಷ ಶೇ. 12ರ ಪ್ರತಿಫಲ, ಕೊನೆಗೆ ಲಾಭದ 25 ಪಟ್ಟು ಬೆಲೆ ಎಂದು ಇಟ್ಟುಕೊಂಡರೆ ಲಾಭ 1,740 ಕೋಟಿ ಆಗಬೇಕು, ಅಂದರೆ ಶೇ. 24ರ ಬೆಳವಣಿಗೆ. ಕಳೆದ ಐದು ವರ್ಷ ಅದು ಶೇ. 26ರಂತೆ ಬೆಳೆದಿದೆ. ಹಾಗಾದರೆ ಬೆಲೆ ಅಗ್ಗವೇ?

ಉತ್ತರ: ಗುಣಾಕಾರ ಸರಿಯಾಗಿದೆ, ಎರಡು ಸಂಗತಿಗಳು ಬಿಟ್ಟುಹೋಗಿವೆ. ಇಂಥ ಹಲವು ಕಂಪನಿಗಳು ಪ್ರತಿವರ್ಷ ನೌಕರರಿಗೆ ಹೊಸ ಷೇರು ಕೊಡುತ್ತವೆ. ಷೇರುಗಳ ಸಂಖ್ಯೆ ವರ್ಷಕ್ಕೆ ಶೇ. 2ರಂತೆ ಹೆಚ್ಚಿದರೆ ಹತ್ತು ವರ್ಷದಲ್ಲಿ ಶೇ. 22ರಷ್ಟು ಹೆಚ್ಚುತ್ತದೆ. ನಿಮ್ಮ ಪ್ರತಿಫಲ ಕರಗದಿರಬೇಕಾದರೆ ಲಾಭ 1,740 ಅಲ್ಲ, ಸುಮಾರು 2,120 ಕೋಟಿ ಆಗಬೇಕು, ಬೆಳವಣಿಗೆ ಶೇ. 26ನ್ನು ದಾಟಬೇಕು. ಕಂಪನಿ ಚಿಕ್ಕದಾಗಿದ್ದಾಗಿನ ವೇಗವನ್ನೇ ದೊಡ್ಡದಾದ ಮೇಲೂ ಹತ್ತು ವರ್ಷ ಉಳಿಸಿಕೊಳ್ಳಬೇಕು ಎಂದಾಯಿತು. ಎರಡನೆಯದಾಗಿ, ಆ 200 ಕೋಟಿ ಲಾಭದಲ್ಲಿ ಬ್ಯಾಂಕ್ ಠೇವಣಿಯ ಬಡ್ಡಿ ಎಷ್ಟಿದೆ ಎಂದು 'ಇತರೆ ಆದಾಯ'ದ ಸಾಲಿನಲ್ಲಿ ನೋಡಿ. ಠೇವಣಿಯ ಬಡ್ಡಿಗೆ ಯಾರೂ 70 ಪಟ್ಟು (14,000 ಕೋಟಿಯನ್ನು 200 ಕೋಟಿಯಿಂದ ಭಾಗಿಸಿದರೆ ಬರುವುದು) ಬೆಲೆ ಕೊಡುವುದಿಲ್ಲ. ಷೇರು ಬಂಡವಾಳದ ಟಿಪ್ಪಣಿಯಿಂದ ಐದು ವರ್ಷದ ಷೇರು ಸಂಖ್ಯೆಯನ್ನು ಪಕ್ಕಪಕ್ಕ ಬರೆದುಕೊಂಡು, ಆ ಬಡ್ಡಿಯನ್ನು ಕಳೆದು, ಲೆಕ್ಕವನ್ನು ಮತ್ತೊಮ್ಮೆ ಹಾಕಿ ಇಲ್ಲಿಗೇ ಕಳುಹಿಸಿ.