ಬಾವಲಿ ವೃಷಣದ ಎನ್‌ಜೈಮ್ ಕಾಲಕ್ಕೆ ತಕ್ಕ ಹಾಗೆ ಏರಿಳಿಯೋದು ಎಂತಕ್ಕೆ?

ತೀರ್ಥಳ್ಳಿ ಹುಡುಗ:
ಶಂಕರಘಟ್ಟದಲ್ಲಿ (ಕುವೆಂಪು ವಿವಿ) ಎಂಎಸ್ಸಿ ಝೂಆಲಜಿ ಓದ್ತಿದೀನಿ, ಸೆಮಿನಾರ್‌ಗೆ ಬಾವಲಿ ಬಿದ್ದಿದೆ. ವೃಷಣದಲ್ಲಿ ಗಂಡು ಹಾರ್ಮೋನ್ ತಯಾರಿಸೋ ಲೇಡಿಗ್ ಕೋಶದಲ್ಲಿ 3ಬೀಟಾ-ಎಚ್‌ಎಸ್‌ಡಿ ಅನ್ನೋ ಎನ್‌ಜೈಮ್ ಒಂದು ಕಾಲದಲ್ಲಿ ಜೋರಾಗಿರತ್ತೆ ಆಮೇಲೆ ಇಳಿದೋಗತ್ತೆ ಅಂತಾರೆ. ಯುರೋಪಲ್ಲಾದ್ರೆ ಚಳಿಗಾಲಕ್ಕೆ ಮಲಗ್ತವೆ, ಸರಿ. ನಮ್ಮಲ್ಲಿ ವರ್ಷಪೂರ್ತಿ ಹಾರಾಡ್ತಾನೇ ಇರ್ತವಲ್ಲ? ಮತ್ತೆ ಆ ಎನ್‌ಜೈಮನ್ನ ನೋಡೋದಾದ್ರೂ ಹೆಂಗೆ?

ಲ್ಯಾಬ್ ಅಕ್ಕ:
ಆ ಎನ್‌ಜೈಮ್ ಇಲ್ದೆ ಟೆಸ್ಟೋಸ್ಟೆರಾನ್ ತಯಾರಾಗಲ್ಲ ಕಣೋ, ಅದಕ್ಕೇ ಅದರ ಮೇಲೆ ಎಲ್ರ ಕಣ್ಣು. ಮಾಮೂಲಿ ಥರ ಪ್ಯಾರಾಫಿನ್ ಮೇಣದಲ್ಲಿ ಕೂರಿಸಿದ್ರೆ ಆ ಬಿಸಿಗೆ ಎನ್‌ಜೈಮ್ ಕೆಟ್ಟೋಗತ್ತೆ, ಹಾಗಾಗಿ ಕ್ರಯೋಸ್ಟ್ಯಾಟ್ ಅನ್ನೋ ಕೊರೆಯೋ ಯಂತ್ರದಲ್ಲಿ ಹೆಪ್ಪುಗಟ್ಟಿಸಿ ತೆಳ್ಳಗೆ ಕೊಯ್ದು ಡಿಎಚ್‌ಇಎ (ಎನ್‌ಜೈಮ್ ಕೆಲಸ ಮಾಡೋ ಸ್ಟೆರಾಯ್ಡ್), ಎನ್‌ಎಡಿ (ಅದಕ್ಕೆ ಬೇಕಾದ ಸಹಾಯಕ), ನೈಟ್ರೋ ಬ್ಲೂ ಟೆಟ್ರಜೋಲಿಯಂ (ಎನ್‌ಜೈಮ್ ಕೆಲಸ ಮಾಡಿದಲ್ಲಿ ನೀಲಿಯಾಗೋ ಬಣ್ಣ) ಹಾಕಿ 37 ಡಿಗ್ರಿಯಲ್ಲಿ ಇಡ್ತಾರೆ. ಕೂಡೋ ಕಾಲದ ಗಂಡಾದ್ರೆ ವೃಷಣದೊಳಗೆ ವೀರ್ಯಾಣು ಹುಟ್ಟೋ ಸಣ್ಣ ನಾಳಗಳ ಸಂದಿಯಲ್ಲಿ ಕಡುನೀಲಿ ಕಾಳುಕಾಳು ಕೂರತ್ತೆ, ಕಾಲ ಮುಗಿದ ಮೇಲೆ ಪೇಲವ. ಡಿಎಚ್‌ಇಎ ಹಾಕದ ಕಂಟ್ರೋಲ್ ಸ್ಲೈಡ್ ಪಕ್ಕದಲ್ಲಿ ಇಲ್ದಿದ್ರೆ ಆ ನೀಲಿಯನ್ನ ನಾನಂತೂ ನಂಬಲ್ಲ.

ತೋಟದ ಮನೆ:
ತಮ್ಮಾ, ಎನ್‌ಜೈಮ್ ನಂಗೆ ಗೊತ್ತಿಲ್ಲ. ಹಣ್ಣಡಿಕೆ ಸಿಪ್ಪೆ ಚೀಪಿ ಗೋಟು ಉದುರಿಸ್ತವಲ್ಲ ಆ ಚಿಕ್ಕ ಬಾವಲಿ, ಬೇಸಿಗೆ ಶುರುವಲ್ಲಿ ಒಂದ್ಸಲ ಮಳೆ ಹಿಡಿದಾಗ ಇನ್ನೊಂದ್ಸಲ ಎದೆಗೆ ಮರಿ ಕಚ್ಚಿಸ್ಕೊಂಡು ಹಾರ್ತವೆ. ದೊಡ್ಡ ಮರದಲ್ಲಿ ಗುಂಪಾಗಿ ನೇತಾಡೋ ದೊಡ್ಡ ಬಾವಲಿ ವರ್ಷಕ್ಕೆ ಒಂದೇ ಮರಿ ಮಾರಾಯ.

ಲ್ಯಾಬ್ ಅಕ್ಕ:
ಅಣ್ಣ ಹೇಳಿದ್ದೇ ಉತ್ತರ. ಚಳಿ ಇಲ್ದಿದ್ರೇನು, ಮಳೆ ಇದೆ, ಹಣ್ಣು-ಹುಳದ ಸುಗ್ಗಿ ಇದೆ. ಹಾಲೂಡೋ ತಾಯಿಗೆ ಹೊಟ್ಟೆ ತುಂಬ ಮೇವು ಬೇಕು, ಬಸಿರು ನಾಲ್ಕೈದು ತಿಂಗಳು, ಅಲ್ಲಿಂದ ಹಿಂದಕ್ಕೆ ಎಣಿಸಿದ್ರೆ ಗಂಡಿನ ವೃಷಣ ಯಾವಾಗ ತಯಾರಿರಬೇಕು ಅಂತ ಗೊತ್ತಾಗತ್ತೆ. ಚಿಕ್ಕದು ಸೈನಾಪ್ಟೆರಸ್ ಸ್ಫಿಂಕ್ಸ್, ಹೆತ್ತ ಕೂಡ್ಲೇ ಮತ್ತೆ ಕೂಡತ್ತೆ. ದೊಡ್ಡದು ಟೆರೋಪಸ್. ಎರಡನ್ನೂ ಒಂದೇ ಗ್ರಾಫಲ್ಲಿ ಹಾಕ್ಬೇಡ.

ಸಾಗರದವ:
ಒಂದು ಮಾತು, ಒಂದೇ ಎನ್‌ಜೈಮ್ ಹಿಡ್ಕೊಂಡು ಸೀಸನ್ ಹೇಳಕ್ಕೆ ಹೋಗ್ಬೇಡಿ. ಚಳಿಗೆ ಮಲಗೋ ಜಾತಿಗಳಲ್ಲಿ ವೃಷಣ ಕುಗ್ಗಿದ ಮೇಲೂ ಎಪಿಡಿಡಿಮಿಸ್‌ನಲ್ಲಿ (ವೃಷಣಕ್ಕೆ ಅಂಟಿಕೊಂಡ ಸುರುಳಿ ನಾಳ) ವೀರ್ಯಾಣು ತುಂಬಿರತ್ತೆ, ಪ್ರಾಸ್ಟೇಟ್ ಥರದ ಗ್ರಂಥಿಗಳೂ ಕೆಲಸ ಮಾಡ್ತಿರ್ತವೆ. ಯುರೋಪಿನ ನಾಕ್ಟ್ಯೂಲ್ ಅನ್ನೋ ಬಾವಲಿಯ ಹೆಣ್ಣಂತೂ ಗರ್ಭಕೋಶದಲ್ಲೇ ಆರು ತಿಂಗಳ ಮೇಲೆ ವೀರ್ಯಾಣು ಇಟ್ಕೊಳತ್ತೆ. ಪ್ರಾಸ್ಟೇಟ್ ಕೆಲಸ ತೋರಿಸೋ ಎನ್‌ಜೈಮ್ ಆಸಿಡ್ ಫಾಸ್ಫಟೇಸ್ ಕಾಲಮ್ಮೂ ಬೇರೆಯಾಗಿ ಹಾಕಿ.

ತೀರ್ಥಳ್ಳಿ ಹುಡುಗ:
ಹಂಗಾದ್ರೆ ಜಾತಿಗೊಂದು ಸ್ಲೈಡ್ ಮಾಡ್ತೀನಿ ಅಕ್ಕ, ಕಂಟ್ರೋಲ್ ಫೋಟೋ ಇದ್ರೆ ಕಳ್ಸಿ.